ಸಿಂಹಾಸನ ಕೇಳದ ಅರಸ

ದೀಪಾವಳಿಯ ಸಂಜೆ ತುಳುನಾಡಿನ ಗದ್ದೆಗಳಲ್ಲಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಬದುವಿನಲ್ಲಿ ದೀಪ ಹಚ್ಚಿ, ಅವಲಕ್ಕಿ, ಹೂವು ಇಟ್ಟು, ಕತ್ತಲಿಗೆ ಮುಖ ಮಾಡಿ ಕೂ ಹಾಕುವ ಈ ಕ್ರಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಮೂರಡಿ ನೆಲ ಕೇಳಿದವನಿಗೆ ನಾಡನ್ನೇ ಒಪ್ಪಿಸಿ ಹೊರಟುಹೋದ ಅರಸ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಎಂಬುದು ನಂಬಿಕೆ. ಅವನು ಮತ್ತೆ ಆಳಲು ಬರುವುದು ಯಾವಾಗ ಎಂದರೆ ತುಳು ಹಾಡು ಎಂದೂ ನಡೆಯದ ಸಂಗತಿಗಳನ್ನು ಒಂದರ ಹಿಂದೊಂದು ಶರತ್ತಾಗಿ ಇಡುತ್ತದೆ. ಆದರೂ ಜನ ಕರೆಯುವುದನ್ನು ಬಿಟ್ಟಿಲ್ಲ.

ಇದಾದ ಕೆಲವೇ ವಾರಗಳಲ್ಲಿ ಮಡಂತ್ಯಾರಿನ ಸೇಕ್ರೆಡ್ ಹಾರ್ಟ್ ಇಗರ್ಜಿಯಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ. ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಆಗಮನ ಕಾಲ ಅಲ್ಲಿಂದ ಶುರು. ಇದೇ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಲ್ಲಿ, ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬಗಳು ಡಿಸೆಂಬರ್ ಒಂದರಿಂದ 25 ದಿನಗಳ ವ್ರತ ಹಿಡಿಯುತ್ತವೆ. ಅವರ ಪೂಜಾ ವರ್ಷ ತೆರೆಯುವುದೇ ಮಂಗಳವಾರ್ತೆಯ ಕಾಲದಿಂದ. ಅವರಿಗೆಂದೇ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಆಯಿತು. ಒಂದೆಡೆ ಕೊಂಕಣಿಯಲ್ಲಿ, ಇನ್ನೊಂದೆಡೆ ಮಲಯಾಳದಲ್ಲಿ, ಪ್ರೊಟೆಸ್ಟಂಟರ ಸಿಎಸ್‌ಐ ಸಭೆಗಳಲ್ಲಿ ಕನ್ನಡ ಮತ್ತು ತುಳುವಿನಲ್ಲಿ ಓದುವುದು ಒಂದೇ ಪ್ರವಾದಿಯ ಪುಸ್ತಕವನ್ನು: ಯೆಶಾಯನದು. ನ್ಯಾಯವಾಗಿ ಆಳುವ, ಯುದ್ಧ ನಿಲ್ಲಿಸುವ ಒಬ್ಬ ಅರಸ ಬರುತ್ತಾನೆ ಎಂಬ ಮಾತು ಅದರಲ್ಲಿದೆ.

ಹೀಗೆ ಒಂದೇ ಸೀಮೆಯ ಜನ ಬೇರೆ ಬೇರೆ ದೀಪ ಹಚ್ಚಿ ಒಳ್ಳೆಯ ಅರಸನ ದಾರಿ ಕಾಯುತ್ತಾರೆ. ಆ ನಂಬಿಕೆಗಳು ಒಂದೇ ಎಂದು ಹೇಳುವುದು ಅವೆರಡಕ್ಕೂ ಮಾಡುವ ಅನ್ಯಾಯ. ಆದರೆ ಕ್ರೈಸ್ತರ ನಿರೀಕ್ಷೆಯ ಬಗ್ಗೆ ನೆರೆಮನೆಯವರಿಗೆ ಸಹಜವಾಗಿ ಬರುವ ಒಂದು ಪ್ರಶ್ನೆಯನ್ನು ಕ್ರೈಸ್ತರು ತಾವೇ ಎತ್ತಿಕೊಳ್ಳಬೇಕು. ಅರಸ ಬಂದಾಯಿತು, ಬೆತ್ಲೆಹೇಮಿನಲ್ಲಿ ಹುಟ್ಟಿಯೂ ಆಯಿತು ಎನ್ನುತ್ತೀರಿ. ಹಾಗಾದರೆ ನ್ಯಾಯ ಎಲ್ಲಿ, ಶಾಂತಿ ಎಲ್ಲಿ?

ಉತ್ತರ ಹುಡುಕಬೇಕಾದರೆ ಮಾತು ಹುಟ್ಟಿದ ಕಾಲಕ್ಕೆ ಹೋಗಬೇಕು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಯೆಶಾಯ ಜೆರುಸಲೇಮಿನಲ್ಲಿದ್ದ. ಪುಟ್ಟ ಯೆಹೂದ ರಾಜ್ಯದ ಮೇಲೆ ಅಸ್ಸೀರಿಯದ ನೆರಳು ಬಿದ್ದಿತ್ತು. ನೆರೆಯ ಎರಡು ರಾಜ್ಯಗಳು ಸೇರಿ ಮೇಲೇರಿ ಬಂದಾಗ ಅರಸ ಆಹಾಜ ದೇವರನ್ನು ನಂಬುವ ಬದಲು ಅಸ್ಸೀರಿಯದ ಚಕ್ರವರ್ತಿಯ ಕಾಲು ಹಿಡಿದ. ಯೆಹೂದವನ್ನು ಆಳುತ್ತಿದ್ದ ದಾವೀದನ ವಂಶದವನೇ ಹೀಗೆ ಕೈಬಿಟ್ಟ ಹೊತ್ತಿನಲ್ಲಿ ಯೆಶಾಯ ಇನ್ನೊಬ್ಬ ಅರಸನನ್ನು ಕಂಡ. ಆ ಅರಸ ಬಂದಾಗ ಸೈನಿಕರ ಮೆಟ್ಟು, ರಕ್ತ ಹತ್ತಿದ ಬಟ್ಟೆ ಎಲ್ಲ ಬೆಂಕಿಗೆ ಬೀಳುತ್ತವೆ ಎಂದ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ನೆಚ್ಚಿ ತೀರ್ಪು ಕೊಡದೆ, ಬಡವನ ವ್ಯಾಜ್ಯವನ್ನು ನೇರವಾಗಿ ಬಗೆಹರಿಸುತ್ತಾನೆ ಎಂದ. ತೋಳವೂ ಕುರಿಮರಿಯೂ ಜತೆಗಿರುವ ಪ್ರಸಿದ್ಧ ಚಿತ್ರ ಬರುವುದು ಇದರ ನಂತರ. ಗೋದಲಿಯ ಅಲಂಕಾರದಲ್ಲಿ ನಾವು ಪ್ರಾಣಿಗಳನ್ನು ಉಳಿಸಿಕೊಂಡು ಬಡವನ ವ್ಯಾಜ್ಯವನ್ನು ಮರೆಯುತ್ತೇವೆ. ಪ್ರವಾದಿಯ ಪುಸ್ತಕದಲ್ಲಿ ಮೊದಲು ತೀರ್ಪು ನೆಟ್ಟಗಾಗುತ್ತದೆ, ಕಾಡುಮೃಗ ಸಾಧುವಾಗುವುದು ಆಮೇಲೆ.

ತುಳುನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಲ ಇದ್ದವನ ಎದುರು ಬಾಯಿ ಬಾರದವನು ದೈವದ ಕೊಡಿಯಡಿಗೆ ಹೋಗಿ ಅರಿಕೆ ಮಾಡುತ್ತಾನೆ. ಗುತ್ತಿನ ಯಜಮಾನನೂ ದೈವದ ನುಡಿಗೆ ತಲೆಬಾಗಿ ನಿಲ್ಲಬೇಕು. ಆಳುವವನ ಮೇಲೆ ಇನ್ನೊಂದು ನ್ಯಾಯಸ್ಥಾನ ಇದೆ ಎಂಬ ತಿಳಿವಳಿಕೆ ಈ ಮಣ್ಣಿಗೆ ಹೊಸತೇನೂ ಅಲ್ಲ.

ಯೆಶಾಯನ ಕಾಲದವನೇ ಆದ ಮೀಕ ಹಳ್ಳಿಯವನು. ಮೊರೆಷೆತ್ ಎಂಬ ಊರಿನವನು. ರಾತ್ರಿ ಹಾಸಿಗೆಯಲ್ಲಿ ಸಂಚು ಹೂಡಿ ಬೆಳಗಾದೊಡನೆ ಇನ್ನೊಬ್ಬರ ಹೊಲ ಕಸಿಯುವವರ ಮೇಲೆ ಅವನ ಸಿಟ್ಟು. ಅವನು ಕಂಡ ಶಾಂತಿಯ ಕಾಲದಲ್ಲಿ ಕತ್ತಿಗಳು ನೇಗಿಲ ಕುಳಗಳಾಗುತ್ತವೆ, ಒಬ್ಬೊಬ್ಬನೂ ತನ್ನ ದ್ರಾಕ್ಷಿಬಳ್ಳಿಯ, ತನ್ನ ಅಂಜೂರದ ಮರದ ಕೆಳಗೆ ಹೆದರಿಕೆಯಿಲ್ಲದೆ ಕೂರುತ್ತಾನೆ. ನೆಲ ಅವನದೇ, ಒಕ್ಕಲೆಬ್ಬಿಸುವವರಿಲ್ಲ. ಚಾಲಗೇಣಿಗೆ ಗದ್ದೆ ಮಾಡಿ, ಧಣಿ ಯಾವ ವರ್ಷ ಎಬ್ಬಿಸುತ್ತಾನೋ ಎಂದು ಹೆದರಿ ಬದುಕಿದ ಹಿರಿಯರು ಈ ಸೀಮೆಯಲ್ಲಿ ಎಲ್ಲ ಜಾತಿ ಮತಗಳಲ್ಲೂ ಇದ್ದರು, ಕ್ರೈಸ್ತರಲ್ಲೂ ಇದ್ದರು. 1974ರ ಭೂಸುಧಾರಣೆ ತಿದ್ದುಪಡಿ ಬಂದು, ಡಿಕ್ಲರೇಶನ್ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು ಅವರು ಭೂಮಿಯ ಒಡೆಯರಾದರು. ಮೀಕನ ಮಾತು ದೇವರಾಜ ಅರಸು ಅವರ ಸರಕಾರದಲ್ಲಿ ಪೂರ್ತಿಯಾಗಿ ನೆರವೇರಿತು ಎಂದು ನಾನು ಹೇಳುತ್ತಿಲ್ಲ. ನೆಲವೇ ಇಲ್ಲದ ಕೂಲಿಯವರ ಪಾಲಿಗೆ ಆ ಕಾನೂನು ಹೆಚ್ಚೇನೂ ಕೊಡಲಿಲ್ಲ. ಆದರೆ ತನ್ನ ತೆಂಗಿನ ಬುಡದಲ್ಲಿ ಹೆದರಿಕೆಯಿಲ್ಲದೆ ಕೂರುವುದು ಎಂದರೇನೆಂದು ಮಡಂತ್ಯಾರಿನ ಒಬ್ಬ ಮುದುಕನಿಗೆ ಯಾವ ಬೈಬಲ್ ಪಂಡಿತನಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಸುಮಾರು ನೂರು ವರ್ಷದ ಮೇಲೆ ಬಂದ ಯೆರೆಮೀಯ ಇನ್ನೂ ಖಾರ. ಕೂಲಿ ಕೊಡದೆ ಜನರನ್ನು ದುಡಿಸಿ ದೇವದಾರಿನ ಹಲಗೆ ಹೊದಿಸಿ ಅರಮನೆ ಕಟ್ಟಿಸುತ್ತಿದ್ದ ಅರಸ ಯೆಹೋಯಾಕೀಮನನ್ನು ಹೆಸರು ಹಿಡಿದು ಬಯ್ದ. ನಿನ್ನ ಅಪ್ಪ ಬಡವರ ಪಕ್ಷ ವಹಿಸಿದ, ದೇವರನ್ನು ಅರಿಯುವುದೆಂದರೆ ಅದೇ ಎಂಬುದು ಅವನ ಮಾತಿನ ಸಾರ. ದಾವೀದನ ವಂಶದಲ್ಲಿ ನ್ಯಾಯದ ಚಿಗುರೊಂದು ಒಡೆಯುತ್ತದೆ ಎಂಬ ಅವನ ಭರವಸೆ ಈ ಬೈಗುಳದ ಬೆನ್ನಿಗೇ ಬರುತ್ತದೆ. ಮೆಸ್ಸೀಯನ, ಅಂದರೆ ದೇವರು ಅಭಿಷೇಕಿಸಿದ ಅರಸನ, ನಿರೀಕ್ಷೆ ಹುಟ್ಟಿದ್ದೇ ಅಧಿಕಾರದಲ್ಲಿರುವವರ ಮೇಲಿನ ದೂರಾಗಿ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕ್ರೈಸ್ತರು ಎಡವಿದ್ದೆಲ್ಲ ಇದನ್ನು ಮರೆತ ಕಡೆಗಳಲ್ಲಿ.

ಇನ್ನೊಂದು ಅಚ್ಚರಿಯೂ ಪ್ರವಾದಿಗಳ ಪುಸ್ತಕದಲ್ಲಿದೆ. ಬಾಬೆಲಿನಲ್ಲಿ ಸೆರೆಯಾಗಿದ್ದ ಯೆಹೂದಿಗಳಿಗೆ ಬಿಡುಗಡೆ ಕೊಟ್ಟವನು ಪರ್ಷಿಯದ ಅರಸ ಕೋರೆಷ. ಕ್ರಿಸ್ತಪೂರ್ವ 539ರಲ್ಲಿ ಅವನು ಬಾಬೆಲನ್ನು ಗೆದ್ದ. ಅವನು ಯೆಹೂದಿಯಲ್ಲ, ಇಸ್ರಯೇಲಿನ ದೇವರನ್ನು ಅರಿತವನೂ ಅಲ್ಲ. ಆದರೂ ಯೆಶಾಯನ ಪುಸ್ತಕದ 45ನೇ ಅಧ್ಯಾಯ ಅವನನ್ನು ದೇವರ ಅಭಿಷಿಕ್ತ ಎಂದು ಕರೆಯುತ್ತದೆ. ದಾವೀದನ ವಂಶದ ಅರಸರಿಗೆ ಸಲ್ಲುತ್ತಿದ್ದ ಹೆಸರನ್ನು ಹೊರಗಿನವನಿಗೆ ಕೊಡುತ್ತದೆ. ಪ್ರವಚನಗಳಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ. ನಮ್ಮ ಸೀಮೆಯ ಕತೆಗೆ ಬಂದಾಗ ಕೋರೆಷ ಮತ್ತೆ ಬೇಕಾಗುತ್ತಾನೆ.

ಯೇಸುವಿನ ಕಾಲಕ್ಕೆ ನಿರೀಕ್ಷೆ ಕಾವೇರಿತ್ತು, ರೋಮಿನ ಸೈನ್ಯ ಊರಲ್ಲೇ ಇತ್ತು. ಅವನು ಜೆರುಸಲೇಮನ್ನು ಪ್ರವೇಶಿಸಿದ್ದು ಕತ್ತೆಯ ಮೇಲೆ. ಕತ್ತೆಯೇರಿ ಬಂದು ಯುದ್ಧದ ಕುದುರೆಗಳನ್ನು ಇಲ್ಲವಾಗಿಸುವ ಅರಸನ ಬಗ್ಗೆ ಪ್ರವಾದಿ ಜೆಕರ್ಯ ಬರೆದದ್ದನ್ನು ನೆನಪಿಸುವಂತೆ. ಗರಿಗಳ ಭಾನುವಾರ ಇಂದಿಗೂ ತೆಂಗಿನ ಎಳೆಗರಿ ಹಿಡಿದು ನಾವು ಆ ಮೆರವಣಿಗೆ ಮಾಡುತ್ತೇವೆ. ಐದು ದಿನ ಕಳೆಯುವಷ್ಟರಲ್ಲಿ ಅವನನ್ನು ಶಿಲುಬೆಗೇರಿಸಿ ತಲೆಯ ಮೇಲೆ ಯೆಹೂದಿಗಳ ಅರಸ ಎಂಬ ಫಲಕ ಹೊಡೆದರು. ಬಂಡಾಯಗಾರರಿಗೆ ರೋಮ್ ಕೊಡುತ್ತಿದ್ದ ಶಿಕ್ಷೆ ಅದು.

ಇಲ್ಲಿಂದಲೇ ಆ ದೊಡ್ಡ ತಕರಾರು. ಎರಡನೆಯ ಶತಮಾನದಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಪಂಡಿತ ಟ್ರೈಫೋ ಎಂಬ ಯೆಹೂದಿಯೊಡನೆ ನಡೆಸಿದ ಸಂವಾದವನ್ನು ಬರೆದಿಟ್ಟಿದ್ದಾನೆ. ಟ್ರೈಫೋನ ವಾದ ಸರಳ. ವೈಭವದಿಂದ ಬಂದು ಆಳಬೇಕಾದವನು ಅಪಮಾನದಲ್ಲಿ ಸತ್ತ; ಅವನನ್ನು ಮೆಸ್ಸೀಯ ಎಂದು ಒಪ್ಪುವುದು ಹೇಗೆ? ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೆಸ್ ಕೂಡ ಇದೇ ಅಳತೆ ಹಿಡಿದ: ಮೆಸ್ಸೀಯ ಮಾಡಬೇಕಾದ ಕೆಲಸಗಳಿವೆ, ಮಾಡಿ ಮುಗಿಸಿದವನೇ ಮೆಸ್ಸೀಯ. ಕ್ರೈಸ್ತರು ಈ ವಾದವನ್ನು ಬಹುಕಾಲ ಹಗೆತನದಿಂದ ಕಂಡರು. ಯುರೋಪಿನಲ್ಲಿ ಅದರ ಫಲವಾಗಿ ಯೆಹೂದಿಗಳು ಅನುಭವಿಸಿದ್ದು ಭೀಕರ. ನನಗೆ ತೋರುವಂತೆ ಟ್ರೈಫೋನ ಪ್ರಶ್ನೆ ಕ್ರೈಸ್ತ ನಂಬಿಕೆಗೆ ಬೇಕೇ ಬೇಕು. ನೋವಿರುವ ಲೋಕವನ್ನು ನೋವಿಲ್ಲದ್ದೆಂದು ತೋರಿಸಬೇಡಿ ಎಂದು ಅದು ತಡೆಯುತ್ತದೆ.

ಜಸ್ಟಿನ್ ಕೊಟ್ಟ ಉತ್ತರ ಎರಡು ಆಗಮನಗಳದ್ದು. ಮೊದಲನೆಯದು ದೀನತೆಯಲ್ಲಿ, ಎರಡನೆಯದು ಮಹಿಮೆಯಲ್ಲಿ. ಇಗರ್ಜಿಯ ಆಗಮನ ಕಾಲ ಇವತ್ತಿಗೂ ಹೀಗೆಯೇ ಕಟ್ಟಿಕೊಂಡಿದೆ: ಮೊದಲ ವಾರಗಳು ಕ್ರಿಸ್ತನು ಮರಳಿ ಬರುವುದರ ಬಗ್ಗೆ, ಡಿಸೆಂಬರ್ 17ರಿಂದ ಮುಂದಿನ ದಿನಗಳು ಬೆತ್ಲೆಹೇಮಿನ ಬಗ್ಗೆ. ಆಳ್ವಿಕೆ ಶುರುವಾಗಿದೆ, ಪೂರ್ತಿಯಾಗಿಲ್ಲ. ನಡುವಿನ ಈ ಕಾಲದಲ್ಲಿ ನಂಬಿದವರು ಏನು ಮಾಡಬೇಕು ಎಂಬುದೇ ನಿಜವಾದ ಜಗಳ. ಸಭೆಯ ಇತಿಹಾಸದಲ್ಲಿ ಅದಕ್ಕೆ ಬಂದ ಉತ್ತರಗಳಲ್ಲಿ ಎರಡು ದೊಡ್ಡ ಆಮಿಷಗಳು ಕಾಣುತ್ತವೆ.

ಒಂದು, ಸಿಂಹಾಸನದ ಆಮಿಷ. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಕಡೆ ವಾಲಿದಾಗ ಬಿಷಪ್ ಯುಸೇಬಿಯಸ್ ಅವನ ಆಳ್ವಿಕೆಯಲ್ಲಿ ದೇವರ ರಾಜ್ಯದ ಪಡಿಯಚ್ಚನ್ನೇ ಕಂಡ. ನಿನ್ನೆಯವರೆಗೆ ಹಿಂಸೆ ಉಂಡವನಿಗೆ ಹಾಗೆ ಅನಿಸಿದ್ದು ಅರ್ಥವಾಗುತ್ತದೆ. ಆದರೆ ನೂರು ವರ್ಷದೊಳಗೆ, 410ರಲ್ಲಿ, ರೋಮ್ ನಗರ ಗೋತರ ಕೈಗೆ ಸಿಕ್ಕಿ ಸೂರೆಯಾಯಿತು. ಆಗ ಅಗಸ್ಟೀನ್ ದೇವರ ನಗರದ ಬಗ್ಗೆ ತನ್ನ ಮಹಾಗ್ರಂಥ ಬರೆದು, ಯಾವ ಸಾಮ್ರಾಜ್ಯವನ್ನೂ ದೇವರ ರಾಜ್ಯದೊಡನೆ ಸಮ ಮಾಡಬಾರದು ಎಂದ. ನ್ಯಾಯ ಬಿಟ್ಟ ರಾಜ್ಯಕ್ಕೂ ದರೋಡೆಕೋರರ ಗುಂಪಿಗೂ ಏನು ವ್ಯತ್ಯಾಸ ಎಂದು ಕೇಳಿದವನು ಅವನೇ. ಅವನ ಮಾತನ್ನು ಎಲ್ಲರೂ ಗೌರವಿಸಿದರು, ಕ್ರೈಸ್ತ ಅರಸರಲ್ಲಿ ಕೆಲವರೇ ಕೇಳಿದರು.

ಆ ಪಾಠವನ್ನು ಮೈಮೇಲೆ ಅನುಭವಿಸಿದವರಲ್ಲಿ ಕೆನರಾದ ಕಥೊಲಿಕರೂ ಸೇರುತ್ತಾರೆ. ಅವರ ಹಿರಿಯರಲ್ಲಿ ಬಹುಪಾಲು ಗೋವೆಯಿಂದ ಬಂದವರು. ಶಿಲುಬೆಯ ಹೆಸರಿನಲ್ಲೇ ಆಳುತ್ತಿದ್ದ ಪೋರ್ಚುಗೀಸರ ನಾಡು ಅದು. 1560ರಲ್ಲಿ ಅಲ್ಲಿ ಇಂಕ್ವಿಸಿಶನ್ ಎಂಬ ಧರ್ಮವಿಚಾರಣೆ ಶುರುವಾಯಿತು. ತೆರಿಗೆ, ರೋಗ, 1683ರ ಮರಾಠರ ದಾಳಿ ಇವೂ ಜನರನ್ನು ದಕ್ಷಿಣಕ್ಕೆ ಅಟ್ಟಿದವು. ಬಂದವರಿಗೆ ನೆಲೆ ಸಿಕ್ಕಿದ್ದು ಕೆಳದಿಯ ನಾಯಕರ ಆಡಳಿತದಲ್ಲಿ. ಕ್ರೈಸ್ತ ದೊರೆಯ ನಾಡು ಬಿಟ್ಟು ಲಿಂಗವನ್ನು ಪೂಜಿಸುವ ದೊರೆಯ ನಾಡಿನಲ್ಲಿ ಅವರು ಗದ್ದೆ ಕಡಿದರು, ಅಡಿಕೆ ನೆಟ್ಟರು, ಇಗರ್ಜಿ ಕಟ್ಟಿದರು. ಕಿರೀಟದ ಮೇಲೆ ಶಿಲುಬೆ ಇದ್ದ ಮಾತ್ರಕ್ಕೆ ಆಳ್ವಿಕೆ ಮೆಸ್ಸೀಯನದಾಗುವುದಿಲ್ಲ ಎಂದು ನಮ್ಮ ಅಜ್ಜಂದಿರು ಗಂಟುಮೂಟೆ ಕಟ್ಟಿ ಹೊರಟಾಗಲೇ ತೀರ್ಮಾನಿಸಿದ್ದರು.

ಕೆಳದಿ 1763ರಲ್ಲಿ ಹೈದರಾಲಿಯ ವಶವಾಯಿತು. ಎರಡನೆಯ ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿದ. 1784ರ ಫೆಬ್ರವರಿ ತಿಂಗಳು, ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರ. ಊರೂರುಗಳಿಂದ ಅವರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಮಂದಿ ಎಂಬ ಲೆಕ್ಕದಲ್ಲಿ ಇತಿಹಾಸಕಾರರು ಒಂದೇ ಮಾತು ಹೇಳುವುದಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು ಎಂಬುದರಲ್ಲಿ ಸಂಶಯವಿಲ್ಲ. ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಆ ಹದಿನೈದು ವರ್ಷ ಯಾವ ಆಗಮನ ಕಾಲದಲ್ಲಿ ಯಾರು ಯೆಶಾಯನನ್ನು ಓದಿದರೋ! ಬಾಬೆಲಿನ ಸೆರೆಯ ಕತೆ ಈ ಸಮುದಾಯಕ್ಕೆ ಪುಸ್ತಕದ ಕತೆಯಾಗಿ ಉಳಿಯಲಿಲ್ಲ.

ಸೆರೆಯ ಕಾಲದಲ್ಲಿ 27 ಇಗರ್ಜಿಗಳು ನೆಲಸಮವಾದವು ಎಂದು ಸಮುದಾಯದ ಇತಿಹಾಸ ಹೇಳುತ್ತದೆ. ಅದೇ ಇತಿಹಾಸ ಉಳಿದುಕೊಂಡ ಒಂದು ಇಗರ್ಜಿಯನ್ನೂ ಹೆಸರಿಸುತ್ತದೆ: ಮೂಡಬಿದಿರೆ ಸೀಮೆಯ, ಹಳೆಯ ಬರಹಗಳಲ್ಲಿ ಹೊಸ್ಪೆಟ್ ಎಂದು ಕಾಣುವ ಜಾಗದ, ಹೋಲಿ ಕ್ರಾಸ್ ಇಗರ್ಜಿ. ಅದು ಉಳಿದದ್ದು ಮೂಡಬಿದಿರೆಯ ಚೌಟ ಅರಸ ಬೇಡಿಕೊಂಡದ್ದರಿಂದ. ಚೌಟರು ಜೈನರು. ಸಾವಿರ ಕಂಬದ ಬಸದಿಯ ಊರಿನವರು. ಆ ಹೊತ್ತಿಗೆ ಅವರ ಹಳೆಯ ಬಲವೆಲ್ಲ ಕರಗಿತ್ತು, ಮೈಸೂರಿನ ಎದುರು ತೊಡೆ ತಟ್ಟುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕತ್ತಿ ಎತ್ತಲಾಗದ ಅರಸನೊಬ್ಬ ತನ್ನದಲ್ಲದ ದೇವಾಲಯಕ್ಕಾಗಿ ಬಾಯಿ ತೆರೆದ. ಅಪಾಯದ ಕಾಲದಲ್ಲಿ ಅಷ್ಟು ಮಾಡುವುದು ಸಣ್ಣ ಸಂಗತಿಯಲ್ಲ. ಕೋರೆಷನನ್ನು ಅಭಿಷಿಕ್ತ ಎಂದು ಕರೆದ ಪ್ರವಾದಿ ಇದನ್ನು ಕೇಳಿದ್ದರೆ ಚೌಟನಿಗೂ ತನ್ನ ಪುಸ್ತಕದಲ್ಲಿ ಜಾಗ ಕೊಡುತ್ತಿದ್ದ ಎಂದು ನಾನು ನಂಬುತ್ತೇನೆ. ಬರಲಿರುವ ಅರಸನ ನ್ಯಾಯ ಯಾವ ಮತದವನ ಕೈಯಿಂದಲೂ ನಡೆಯಬಲ್ಲದು. ಮೂಡಬಿದಿರೆಯ ಈ ಘಟನೆಯನ್ನು ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕು. ಸೆರೆಯ ದುಃಖವನ್ನು ಹೇಳುವಾಗ ಚೌಟನ ಹೆಸರನ್ನು ಬಿಡುವುದು ಕೃತಘ್ನತೆ.

ಎರಡನೆಯ ಆಮಿಷ ಪಂಚಾಂಗದ್ದು. ಅರಸ ಬರುವ ದಿನವನ್ನು ಲೆಕ್ಕ ಹಾಕಿ ಕೂರುವುದು. ಇದಕ್ಕೂ ನಮ್ಮ ಕರಾವಳಿಗೂ ಒಂದು ನಂಟಿದೆ. ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಭಕ್ತಿಪಂಥದ ಗುರು ಬೆಂಗೆಲ್ ಹದಿನೆಂಟನೆಯ ಶತಮಾನದಲ್ಲಿ ಬೈಬಲಿನ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ 1836ರಲ್ಲಿ ಶುರುವಾಗುತ್ತದೆ ಎಂದಿದ್ದ. ಬಾಸೆಲ್ ಮಿಶನ್ ಬೆಳೆದದ್ದು ಆ ಭಕ್ತಿಪಂಥದ ಮಣ್ಣಿನಲ್ಲಿ. ವುರ್ಟೆಂಬೆರ್ಗಿನವನೇ ಆದ ಹೆರ್ಮನ್ ಮ್ಯೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲೇ. ಆ ವರ್ಷ ಲೋಕ ಮುಗಿಯಲಿಲ್ಲ, ಸಾವಿರ ವರ್ಷದ ಶಾಂತಿಯೂ ಶುರುವಾಗಲಿಲ್ಲ. ಶುರುವಾದದ್ದು ಶಾಲೆ, ಅಚ್ಚುಕೂಟ, 1843ರ ಜುಲೈ ಒಂದರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ. ಆಮೇಲೆ ನೇಯ್ಗೆ, ಹೆಂಚಿನ ಕಾರ್ಖಾನೆ. 1894ರಲ್ಲಿ ಕಿಟೆಲರ ನಿಘಂಟು. ವಸಾಹತು ಕಾಲದ ಮಿಶನರಿ ಕೆಲಸದ ಬಗ್ಗೆ ಹೇಳಬೇಕಾದ ಟೀಕೆಗಳಿವೆ. ಇಲ್ಲಿನ ದೈವ, ಪೂಜೆಗಳನ್ನು ಅವರಲ್ಲಿ ಹಲವರು ಕಂಡ ರೀತಿ ಇಂದಿನ ಕ್ರೈಸ್ತನಿಗೂ ನೋವು ತರುವಂಥದ್ದು. ಆದರೆ ದಿನಾಂಕ ಸುಳ್ಳಾದ ಮೇಲೂ ಕೈ ಕಟ್ಟಿ ಕೂರದೆ, ನಿರೀಕ್ಷೆಯನ್ನು ದುಡಿಮೆಯಾಗಿ ಬದಲಿಸಿದ ಅವರ ಬಾಳಿನಲ್ಲಿ ದಿನ ಎಣಿಸುವವರಿಗೆ ಪಾಠವಿದೆ. ಇಂದು ಮೊಬೈಲಿನಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಅಂತ್ಯಕಾಲದ ವೀಡಿಯೊ ಹಂಚುವವರು ಬೆಂಗೆಲನ ಲೆಕ್ಕವನ್ನು ಒಮ್ಮೆ ನೆನೆಯಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಹೊಸ ರೂಪ ತಾಳಿತು. ಮೊದಲ ಮಹಾಯುದ್ಧ ಕ್ರೈಸ್ತ ರಾಷ್ಟ್ರಗಳ ನಡುವೆಯೇ ನಡೆದು ಲಕ್ಷಗಟ್ಟಲೆ ಜನ ಸತ್ತಿದ್ದರು, ಇಟಲಿಯಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದಿದ್ದ. 1925ರ ಡಿಸೆಂಬರ್ 11ರಂದು ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದರು. ಎಲ್ಲ ಆಳುವವರ ಮೇಲೂ ಒಬ್ಬ ಅರಸನಿದ್ದಾನೆ ಎಂಬುದು ಉದ್ದೇಶ. ಪ್ರವಾದಿಗಳ ಮಾತೇ ಅದು. ಕಾರ್ಕಳದ ಕ್ರೈಸ್ಟ್ ಕಿಂಗ್ ಇಗರ್ಜಿಯ ಹೆಸರು ಈ ಭಕ್ತಿಯನ್ನು ನಮ್ಮ ಕಡೆ ಹೊತ್ತುಕೊಂಡಿದೆ. ಬಹಳಷ್ಟು ಕಥೊಲಿಕ್ ಮನೆಗಳ ಚಾವಡಿಯಲ್ಲಿ ದೀಪದೊಡನೆ ಇರುವ ಪವಿತ್ರ ಹೃದಯದ ಪಟವೂ ಇದಕ್ಕೆ ಹೊಂದಿಕೊಂಡದ್ದು. ಮನೆಯ ಒಡೆತನ ಕ್ರಿಸ್ತನದು ಎಂದು ಒಪ್ಪಿಸುವ ವಿಧಿಯ ಗುರುತು ಅದು. ಮಡಂತ್ಯಾರಿನ ಇಗರ್ಜಿ ಹೊತ್ತಿರುವುದು ಆ ಹೃದಯದ ಹೆಸರನ್ನೇ.

ಆದರೆ ಹಬ್ಬದ ಹೆಸರನ್ನು ಕೆಲವೆಡೆ ಪಕ್ಷ ರಾಜಕೀಯ ಕಸಿದುಕೊಂಡಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಕ್ರಿಸ್ತರಾಜನ ಹೆಸರು ಹೇಳಿ ಬಂದೂಕು ಹಿಡಿದವರಿದ್ದರು. 1969ರಲ್ಲಿ ಆರನೆಯ ಪೌಲರು ಹಬ್ಬವನ್ನು ಅಕ್ಟೋಬರಿನಿಂದ ಆಗಮನ ಕಾಲದ ಹಿಂದಿನ ಭಾನುವಾರಕ್ಕೆ ತಂದರು; ಹಬ್ಬ ಲೋಕದ ಸರಕಾರಗಳೊಡನೆ ಪೈಪೋಟಿಗೆ ನಿಲ್ಲದೆ ಕೊನೆಯ ನ್ಯಾಯತೀರ್ಪಿನ ಕಡೆಗೆ ತಿರುಗಿತು. ಪರಿಷ್ಕಾರವಾದ ಪಾಠಗಳ ಸರಣಿಯಲ್ಲಿ ಆ ದಿನ ಓದಲು ಆಯ್ದ ಸುವಾರ್ತೆಯ ಭಾಗಗಳನ್ನು ನೋಡಿ. ಮೂರು ವರ್ಷಕ್ಕೊಮ್ಮೆ ಸುತ್ತುವ ಆ ಸರಣಿಯಲ್ಲಿ ಎಲ್ಲೂ ಸಿಂಹಾಸನದ ಠೀವಿ ಇಲ್ಲ. ಒಂದು ವರ್ಷ ಪಿಲಾತನ ಮುಂದೆ ಕೈಕಟ್ಟಿ ನಿಂತ ಕೈದಿ. ಇನ್ನೊಂದು ವರ್ಷ ಶಿಲುಬೆಯ ಮೇಲೆ, ಪಕ್ಕದ ಕಳ್ಳನಿಗೆ ಮಾತು ಕೊಡುವವನು. ಮತ್ತೊಂದು ವರ್ಷ ಮತ್ತಾಯನ 25ನೇ ಅಧ್ಯಾಯ: ಅಲ್ಲಿ ಅರಸ ನ್ಯಾಯಪೀಠದಲ್ಲಿ ಕೂತಿದ್ದಾನೆ ನಿಜ, ಆದರೆ ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು ಇವರ ವೇಷದಲ್ಲಿ ನಿಮ್ಮ ಬಾಗಿಲಿಗೆ ಬಂದವನು ತಾನೇ ಎನ್ನುತ್ತಾನೆ. ಯಾವ ಪಂಡಿತನ ವ್ಯಾಖ್ಯಾನಕ್ಕಿಂತಲೂ ಈ ಆಯ್ಕೆ ನನಗೆ ಹೆಚ್ಚು ಮನವರಿಕೆ ಮಾಡಿಕೊಟ್ಟಿದೆ. ಸಭೆ ತನ್ನ ಅರಸನನ್ನು ಹೊಗಳುವ ದಿನವೇ ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ.

ನಿರೀಕ್ಷೆ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂಬ ಆರೋಪಕ್ಕೆ ಎರಡನೆಯ ವ್ಯಾಟಿಕನ್ ಸಮ್ಮೇಳನ 1965ರಲ್ಲಿ ನೇರ ಉತ್ತರ ಕೊಟ್ಟಿತು. ಹೊಸ ಭೂಮಿಯನ್ನು ಎದುರುನೋಡುವವರು ಈ ಭೂಮಿಯ ಚಿಂತೆಯನ್ನು ಹೆಚ್ಚಿಸಿಕೊಳ್ಳಬೇಕು, ಕಡಿಮೆ ಮಾಡಬಾರದು ಎಂಬುದು ಅದರ ನಿಲುವು. ಪ್ರೊಟೆಸ್ಟಂಟರಲ್ಲಿ, ಯುದ್ಧಕೈದಿಯಾಗಿ ನಿರಾಸೆಯ ತಳ ಕಂಡು ಬಂದ ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್ 1964ರಲ್ಲಿ ನಿರೀಕ್ಷೆಯನ್ನೇ ದೈವಶಾಸ್ತ್ರದ ನಡುಗಂಬ ಮಾಡಿದರು. ಲ್ಯಾಟಿನ್ ಅಮೆರಿಕದ ವಿಮೋಚನಾ ಚಿಂತನೆಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಮ್ಮ ರಾಜ್ಯದ ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ಆದ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ. ಅಲ್ಲಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿ ಎಂ. ಎಂ. ಥಾಮಸ್ ಅವರು ಮನುಷ್ಯನ ಘನತೆಗಾಗಿ ನಡೆಯುವ ಹೋರಾಟಗಳಲ್ಲಿ, ಅವು ಯಾರವೇ ಆಗಿರಲಿ, ಕ್ರಿಸ್ತನ ಕೆಲಸವನ್ನು ಗುರುತಿಸಿದರು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದರು. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಮಾತು ಶುರುವಾಯಿತು. ಮೆಸ್ಸೀಯನ ನ್ಯಾಯ ಮೊದಲು ಸಭೆಯೊಳಗೆ ನಡೆಯಲಿ ಎಂದು ಅದು ಕೇಳಿತು. ಬಾಮೊಣ್, ಚಾರೊಡಿ, ಶುದಿರ್ ಎಂಬ ಜಾತಿಭೇದಗಳನ್ನು ಮದುವೆಯ ಮಾತುಕತೆಯಲ್ಲಿ ಇನ್ನೂ ಪಿಸುಗುಟ್ಟುವ ನಮ್ಮ ಸಮ್ಮುಖದಲ್ಲಿ ಆ ಬೇಡಿಕೆ ಹಾಗೆಯೇ ನಿಂತಿದೆ.

ಶಾಂತಿಯ ಮಾತಿಗೆ ಬಂದರೆ, ನಮ್ಮ ಜಿಲ್ಲೆಗೆ ಒಂದು ತಾರೀಕು ಮರೆಯಲಾಗದ್ದು. 2008ರ ಸೆಪ್ಟೆಂಬರ್ 14, ಶಿಲುಬೆಯ ಹಬ್ಬದ ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಪವಿತ್ರ ಪ್ರಸಾದದ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅದೇ ದಿನ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರುಗಳ ಹಲವು ಪ್ರಾರ್ಥನಾಲಯಗಳ ಮೇಲೂ ದಾಳಿಯಾಯಿತು. ಈ ದಾಳಿಗಳ ತನಿಖೆ ನಡೆಸಿದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ವರದಿ ಒಪ್ಪಿಸಿತು. ಅದರ ತೀರ್ಮಾನಗಳನ್ನು ಕ್ರೈಸ್ತ ಸಮುದಾಯದ ಮುಖಂಡರು ಒಪ್ಪಲಿಲ್ಲ. ಆ ಬಳಿಕ ಮರೆತುಬಿಡಿ, ಶಾಂತಿ ಮುಖ್ಯ ಎಂಬ ಸಲಹೆ ಎಲ್ಲ ಕಡೆಯಿಂದ ಬಂತು. ನ್ಯಾಯದ ಫಲವೇ ಶಾಂತಿ ಎಂದು ಯೆಶಾಯನ 32ನೇ ಅಧ್ಯಾಯ ಹೇಳುತ್ತದೆ. ಫಲ ಬೇಕು, ಮರ ಬೇಡ ಎನ್ನುವ ಸಲಹೆಯನ್ನು ಕ್ರೈಸ್ತನು ವಿನಯದಿಂದಲೇ ನಿರಾಕರಿಸಬೇಕು. ಸೇಡನ್ನೂ ಅಷ್ಟೇ ಗಟ್ಟಿಯಾಗಿ ನಿರಾಕರಿಸಬೇಕು. ಕತ್ತೆಯ ಮೇಲೆ ಬಂದವನ ಜನ ಕುದುರೆ ಹುಡುಕಿಕೊಂಡು ಹೋಗಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರುವುದು ಕಷ್ಟ. ಮೆಸ್ಸೀಯನ ನಿರೀಕ್ಷೆ ಬದುಕಿನಲ್ಲಿ ಕೇಳುವುದು ಈ ಕಷ್ಟವನ್ನೇ.

ನ್ಯಾಯದ ಈ ಮಾತನ್ನು ನೆರೆಯ ಹಿಂದೂ, ಮುಸ್ಲಿಂ, ಜೈನರಿಗೆ ಹೇಳಿ ಮುಗಿಸಿದರೆ ಸಾಲದು, ನಮಗೂ ಹೇಳಿಕೊಳ್ಳಬೇಕು. ನಮ್ಮ ನೆರೆಯವರ ಮೇಲೆ ದಾಳಿಯಾದಾಗ, ಅವರ ಅಂಗಡಿಗೆ ಬಹಿಷ್ಕಾರ ಬಿದ್ದಾಗ, ಕರಾವಳಿಯ ಬೀದಿಗಳಲ್ಲಿ ಯುವಕರ ಕೊಲೆಗಳು ಒಂದಕ್ಕೊಂದು ಪ್ರತಿಯಾಗಿ ನಡೆದಾಗ ಕ್ರೈಸ್ತರು ಎಷ್ಟು ಸಲ ಚೌಟನಂತೆ ಬಾಯಿ ತೆರೆದರು? ನಮ್ಮದಲ್ಲದ ದೇವಾಲಯಕ್ಕಾಗಿ, ಮಸೀದಿಗಾಗಿ ಮಾತಾಡುವ ಧೈರ್ಯ ಯಾವ ಧರ್ಮಕೇಂದ್ರದಲ್ಲಿ ಎಷ್ಟಿದೆ? ಇಗರ್ಜಿಯ ಲೆಕ್ಕಪತ್ರ, ಸಂಸ್ಥೆಗಳಲ್ಲಿ ಕೆಲಸ ಮಾಡುವವರ ಸಂಬಳ, ಶಾಲೆಯ ಶುಲ್ಕ ಕಟ್ಟಲಾಗದ ಮಗು ಎಲ್ಲವೂ ಯೆರೆಮೀಯನ ತಕ್ಕಡಿಗೆ ಬರಬೇಕಾದ ಸಂಗತಿಗಳೇ.

ನನ್ನ ತೀರ್ಮಾನ ಇಷ್ಟು. ಮೆಸ್ಸೀಯನ ಆಳ್ವಿಕೆಯ ನಿರೀಕ್ಷೆಯನ್ನು ಕ್ರೈಸ್ತ ಸರಕಾರದ ಕನಸಾಗಿ ಓದಿದವರೆಲ್ಲ ಕೇಡು ತಂದರು; ಮೋಡದ ಮೇಲಿನ ದೃಶ್ಯವಾಗಿ ಓದಿದವರು ಸುಮ್ಮನೆ ಕೂತರು. ಅದನ್ನು ಎಲ್ಲ ಆಳುವವರ ಮೇಲೆ, ತಮ್ಮ ಮೇಲೆ ಮೊದಲಾಗಿ, ಇಟ್ಟುಕೊಂಡ ಅಳತೆಗೋಲಾಗಿ ಓದಿದವರು ಕಡಿಮೆ ಮಂದಿ. ಲೋಕಕ್ಕೆ ಆ ನಂಬಿಕೆಯಿಂದ ಏನಾದರೂ ಒಳ್ಳೆಯದಾಗಿದ್ದರೆ ಅಂಥವರಿಂದ. ಅರಸ ಪೂರ್ತಿಯಾಗಿ ಬರುವ ದಿನ ದೇವರಿಗೆ ಸೇರಿದ್ದು ಎಂದು ನಾನು ನಂಬುತ್ತೇನೆ. ಅಲ್ಲಿಯವರೆಗೆ ಟ್ರೈಫೋನ ಪ್ರಶ್ನೆಗೆ ವಾದದಿಂದ ಉತ್ತರ ಕೊಡಲಾಗದು. ಒಂದು ಊರಿನ ಬಡವನಿಗೆ ನ್ಯಾಯ ಸಿಕ್ಕಿದರೆ ಅಷ್ಟರ ಮಟ್ಟಿಗೆ ಉತ್ತರ ಸಿಕ್ಕಿದ ಹಾಗೆ.

2026ರಲ್ಲಿ ಕ್ರಿಸ್ತರಾಜನ ಹಬ್ಬ ನವೆಂಬರ್ 22ಕ್ಕೆ ಬರುತ್ತದೆ. ಸರಣಿಯ ಪ್ರಕಾರ ಆ ವರ್ಷದ ಪಾಠ ಮತ್ತಾಯನ 25ನೇ ಅಧ್ಯಾಯದ್ದೇ. ವಾಳೆ ಎನ್ನುವ ಇಗರ್ಜಿಯ ವಾರ್ಡುಗಳ ಮುಖಂಡರಾದ ಗುರ್ಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಯುವಜನರು ಆ ವಾರ ಒಂದು ಸಂಜೆ ಕೂತು, ಆ ಅಧ್ಯಾಯದಲ್ಲಿ ಬರುವ ಆರು ಮಂದಿ ತಮ್ಮ ವಾಳೆಯಲ್ಲಿ ಯಾರು, ಯಾವ ಮನೆಯಲ್ಲಿದ್ದಾರೆ ಎಂದು ಪಟ್ಟಿ ಮಾಡಲಿ. ಪಟ್ಟಿಯಲ್ಲಿ ಕ್ರೈಸ್ತರ ಮನೆಗಳು ಮಾತ್ರ ಇರದಂತೆ ನೋಡಿಕೊಳ್ಳಲಿ. ಹಬ್ಬದ ಮೆರವಣಿಗೆಯ ತಯಾರಿ ಅದಾದ ಮೇಲೆ ಶುರುವಾಗಲಿ.